ಮೂಳೆ ಮುರಿದ ಮೇಲೆ ಕೇಳಬೇಕಾದ ಪ್ರಶ್ನೆ

ಐವತ್ತೈದು ದಾಟಿದ ಹೆಂಗಸೊಬ್ಬರು ಬೆಳಿಗ್ಗೆ ಬಾಗಿಲಿಗೆ ನೀರು ಹಾಕುವಾಗ ಜಾರಿ, ಕೈಯೂರಿ ಬಿದ್ದು ಮಣಿಕಟ್ಟು ಮುರಿದುಕೊಂಡರೆ, ನೋಡಲು ಬಂದವರೆಲ್ಲ ‘ಹೆಂಗೆ ಬಿದ್ರಿ?’ ಅಂತಲೇ ಕೇಳುತ್ತಾರೆ. ‘ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಮೂಳೆ ಯಾಕೆ ಮುರೀತು?’ ಅಂತ ಕೇಳುವವರು ಅಪರೂಪ. ಗಟ್ಟಿ ಮೂಳೆ ಸಾಮಾನ್ಯವಾಗಿ ಅಷ್ಟಕ್ಕೆ ಮುರಿಯುವುದಿಲ್ಲ. ಮುರಿದಿದೆ ಎಂದರೆ ಒಳಗೊಳಗೇ ವರ್ಷಗಟ್ಟಲೆ ಸವೆದಿದೆ ಎಂದು ಅನುಮಾನಿಸಬೇಕು. ಪಟ್ಟು ಹಾಕಿಸಿ, ಆರು ವಾರ ಕಳೆದು ಬಿಚ್ಚಿಸಿ ಸುಮ್ಮನಾದರೆ, ಮುಂದೆ ಬೆನ್ನುಮೂಳೆಯೋ ಸೊಂಟವೋ ಮುರಿಯದಂತೆ ತಡೆಯುವ ಒಳ್ಳೆಯ ಅವಕಾಶ ಕೈತಪ್ಪುತ್ತದೆ.

ಹೀಗೆ ಮೂಳೆ ಟೊಳ್ಳಾಗಿ ಬಲಗುಂದುವ ಸ್ಥಿತಿಯೇ ಆಸ್ಟಿಯೋಪೊರೋಸಿಸ್. ಜಗತ್ತಿನಲ್ಲಿ 50 ದಾಟಿದ ಮೂವರು ಹೆಂಗಸರಲ್ಲಿ ಒಬ್ಬರಿಗೆ, ಐವರು ಗಂಡಸರಲ್ಲಿ ಒಬ್ಬರಿಗೆ ಉಳಿದ ಆಯುಷ್ಯದಲ್ಲಿ ಇದರಿಂದ ಮೂಳೆ ಮುರಿತ ಆಗಬಹುದು ಎಂಬುದು ಅಂತರರಾಷ್ಟ್ರೀಯ ಆಸ್ಟಿಯೋಪೊರೋಸಿಸ್ ಪ್ರತಿಷ್ಠಾನದ ಅಂದಾಜು. ಬೆಂಗಳೂರಿನ ತುಮಕೂರು ರಸ್ತೆಯ ಮಾಕಳಿ, ಮಾದಾವರ, ದಾಸನಪುರದಿಂದ ಪೀಣ್ಯದವರೆಗಿನ ಕಾರ್ಖಾನೆ ಪಟ್ಟಿಯಲ್ಲಿ ಇದನ್ನು ಇನ್ನಷ್ಟು ಗಮನಿಸಬೇಕು. ಇಲ್ಲಿ ಹೊಲಿಗೆ ಯಂತ್ರದ ಮುಂದೆ, ಪ್ಯಾಕಿಂಗ್ ಟೇಬಲ್ ಮುಂದೆ ಹಗಲೆಲ್ಲ ಶೆಡ್ಡಿನೊಳಗೇ ಕಳೆಯುವ ಹೆಂಗಸರು ಬಹಳ. ಬಿಸಿಲು ಕಾಣದ ಕೆಲಸ, ಚಹಾ-ಬನ್ನಿನಲ್ಲಿ ಮುಗಿಯುವ ತಿಂಡಿ, ನಲವತ್ತರ ಕೊನೆಗೆ ನಿಲ್ಲುವ ಮುಟ್ಟು, ಈ ಮೂರೂ ಒಬ್ಬರ ಮೇಲೇ ಬೀಳುತ್ತವೆ.

ಮೂಳೆಯೊಳಗೆ ನಡೆಯುವ ಕೆಲಸ

ಮೂಳೆ ಜೀವಂತ ಅಂಗಾಂಶ. ಒಂದು ಬಗೆಯ ಜೀವಕೋಶಗಳು ಹಳೆಯ ಮೂಳೆಯನ್ನು ಕೆಡವುತ್ತಿರುತ್ತವೆ, ಇನ್ನೊಂದು ಬಗೆಯವು ಅದೇ ಜಾಗದಲ್ಲಿ ಹೊಸದನ್ನು ಕಟ್ಟುತ್ತಿರುತ್ತವೆ. ಒಂದೇ ಮನೆಗೆ ಕೆಡವುವ ತಂಡ, ಕಟ್ಟುವ ತಂಡ ಎರಡೂ ಕಾಯಂ ಬಂದು ಕೂತಂತೆ. ಹರೆಯದಲ್ಲಿ ಕಟ್ಟುವವರ ಕೈ ಮೇಲು. ಸುಮಾರು 25ರಿಂದ 30 ವರ್ಷದ ಹೊತ್ತಿಗೆ ಮೂಳೆ ತನ್ನ ಗರಿಷ್ಠ ಗಟ್ಟಿತನ ಮುಟ್ಟುತ್ತದೆ. ಆಮೇಲೆ ಕೆಲಕಾಲ ಸಮಸಮ. ನಂತರ ನಿಧಾನವಾಗಿ ಕೆಡವುವವರ ಕೈ ಮೇಲಾಗುತ್ತದೆ.

ಕೆಡವುವ ಕೋಶಗಳಿಗೆ ಲಗಾಮು ಹಾಕಿರುವುದು ಈಸ್ಟ್ರೊಜೆನ್ ಹಾರ್ಮೋನು. ಮುಟ್ಟು ನಿಂತಾಗ ಅಂಡಾಶಯ ಅದನ್ನು ತಯಾರಿಸುವುದನ್ನು ಬಹುಮಟ್ಟಿಗೆ ನಿಲ್ಲಿಸುತ್ತದೆ, ಲಗಾಮು ಸಡಿಲವಾಗುತ್ತದೆ. ಮುಟ್ಟು ನಿಂತ ಮೊದಲ ಐದರಿಂದ ಏಳು ವರ್ಷಗಳಲ್ಲಿ ಕೆಲವರು ಮೂಳೆಯ ಸಾಂದ್ರತೆಯ ಐದನೇ ಒಂದು ಭಾಗದವರೆಗೂ ಕಳೆದುಕೊಳ್ಳುತ್ತಾರೆ. ಆಮೇಲೆ ವೇಗ ತಗ್ಗಿದರೂ ಸವೆತ ನಿಲ್ಲುವುದಿಲ್ಲ.

ಭಾರತದ ಹೆಂಗಸರಿಗೆ ಸರಾಸರಿ 46–47ರ ಆಸುಪಾಸಿನಲ್ಲೇ ಮುಟ್ಟು ನಿಲ್ಲುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಅದು 51ರ ಸುಮಾರು. ಅಂದರೆ ನಮ್ಮವರಿಗೆ ಈಸ್ಟ್ರೊಜೆನ್ ಇಲ್ಲದ ವರ್ಷಗಳು ಹೆಚ್ಚು. ಅತಿಯಾದ ರಕ್ತಸ್ರಾವವೆಂದೋ ಬಿಳಿಮುಟ್ಟೆಂದೋ ಮೂವತ್ತು, ಮೂವತ್ತೈದಕ್ಕೇ ಗರ್ಭಕೋಶ ತೆಗೆಸಿಕೊಂಡವರೂ ನಮ್ಮ ರಾಜ್ಯದಲ್ಲಿದ್ದಾರೆ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಮಹಿಳೆಯರಿಗೆ ಅನಗತ್ಯವಾಗಿ ಇಂಥ ಶಸ್ತ್ರಚಿಕಿತ್ಸೆ ಮಾಡಲಾಗಿದೆ ಎಂಬ ಆರೋಪ 2015ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದರೆ ಋತುಬಂಧ ಅಂದೇ ಬಂದಂತೆ. ಅಂಡಾಶಯ ಉಳಿಸಿದರೂ ಅವು ಸ್ವಲ್ಪ ಬೇಗ ಸೋಲುವ ಸಂಭವ ಇದೆ. ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಚೀಟಿ ಹುಡುಕಿ ತೆಗೆಯಿರಿ. ಏನು ತೆಗೆದಿದ್ದಾರೆ, ಏನು ಉಳಿಸಿದ್ದಾರೆ ಎಂಬುದು ಮೂಳೆಯ ವೈದ್ಯರಿಗೆ ಬೇಕಾದ ಮೊದಲ ಮಾಹಿತಿ.

ಮಂಡಿ ಸವೆತ ಬೇರೆ, ಇದು ಬೇರೆ

ಮೆಟ್ಟಿಲು ಹತ್ತುವಾಗ ಮಂಡಿ ನೋಯುತ್ತದೆ, ಕೂತು ಏಳುವಾಗ ಕಟಕಟ ಎನ್ನುತ್ತದೆ ಎಂದರೆ ಅದು ಬಹುತೇಕ ಕೀಲಿನ ಮೃದ್ವಸ್ಥಿ ಸವೆದ ಸಂಧಿವಾತ. ಆಸ್ಟಿಯೋಪೊರೋಸಿಸ್ ಮುರಿಯುವವರೆಗೂ ನೋಯುವುದಿಲ್ಲ. ಹಾಗಾಗಿ ನೋವಿಲ್ಲ ಎಂದು ಧೈರ್ಯದಿಂದಿರುವಂತಿಲ್ಲ, ಮಂಡಿ ನೋವಿಗೆ ಕ್ಯಾಲ್ಸಿಯಂ ಮಾತ್ರೆ ನುಂಗಿ ಗುಣವಾಗಲಿಲ್ಲ ಎಂದು ಬೇಸರಪಡುವಂತೆಯೂ ಇಲ್ಲ.

ಕಣ್ಣಿಗೆ ಬೀಳುವ ಸೂಚನೆಗಳು ಕೆಲವೇ:

• ಎತ್ತರ ಕುಗ್ಗುವುದು. ಹರೆಯದಲ್ಲಿದ್ದುದಕ್ಕಿಂತ 4 ಸೆಂ.ಮೀ.ಗೂ ಹೆಚ್ಚು ಕುಗ್ಗಿದ್ದರೆ ಬೆನ್ನಿನ ಎಕ್ಸ್-ರೇ ತೆಗೆಸಬೇಕು.
• ಬೆನ್ನು ಗೂನಾಗುವುದು, ಮೊದಲು ಸರಿಯಾಗಿದ್ದ ರವಿಕೆ ಹಿಂದೆ ಮೇಲೇರಿ ಮುಂದೆ ಜೋಲುವುದು.
• ಬಿಂದಿಗೆ ಎತ್ತಿದಾಗಲೋ ಸಿಲಿಂಡರ್ ಸರಿಸಿದಾಗಲೋ ಬೆನ್ನಿನಲ್ಲಿ ಚಳಕ್ ಎಂದು ಬಂದ ನೋವು ವಾರಗಟ್ಟಲೆ ಉಳಿಯುವುದು. ಬೆನ್ನುಮೂಳೆ ಕುಸಿದ ಮುರಿತವನ್ನು ಎಷ್ಟೋ ಸಲ ‘ಉಳುಕು’ ಎಂದು ತೈಲ ತಿಕ್ಕಿ ಬಿಟ್ಟಿರುತ್ತಾರೆ.
• 50ರ ನಂತರ ಸಣ್ಣ ಬೀಳುವಿಕೆಗೇ ಮಣಿಕಟ್ಟು, ಭುಜ ಅಥವಾ ಸೊಂಟ ಮುರಿಯುವುದು.

ಮೈಯೆಲ್ಲ ಮೂಳೆ ನೋವು, ಕೂತಲ್ಲಿಂದ ಏಳಲು ತೊಡೆಗೆ ಬಲವಿಲ್ಲ, ನಡಿಗೆ ಬಾತುಕೋಳಿಯಂತೆ ಎಂದರೆ ಅದು ವಿಟಮಿನ್ ಡಿ ತೀರಾ ಕಡಿಮೆಯಾಗಿ ಮೂಳೆ ಮೆತ್ತಗಾದ ಆಸ್ಟಿಯೋಮಲೇಸಿಯಾ ಇರಬಹುದು. ಇದಕ್ಕೆ ಚಿಕಿತ್ಸೆ ಬೇರೆ. ಪಾವಗಡ, ಶಿರಾ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು ಇನ್ನೊಂದನ್ನೂ ನೆನಪಿಡಬೇಕು. ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿ ನೀರನ್ನು ವರ್ಷಗಟ್ಟಲೆ ಕುಡಿದವರ ಮೂಳೆ ಸ್ಕ್ಯಾನಿನಲ್ಲಿ ಗಟ್ಟಿಯಾಗಿ ಕಂಡರೂ ಒಳಗೆ ಪೆಡಸಾಗಿರಬಹುದು. ಹುಟ್ಟೂರು, ಅಲ್ಲಿ ಕುಡಿದ ನೀರಿನ ವಿಷಯವನ್ನು ವೈದ್ಯರಿಗೆ ಹೇಳಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ಮಿ.ಗ್ರಾಂ ಮೀರಬಾರದು.

ಯಾರು ಹೆಚ್ಚು ಎಚ್ಚರವಾಗಿರಬೇಕು?

• 45ಕ್ಕೆ ಮುಂಚೆಯೇ ಮುಟ್ಟು ನಿಂತವರು, ಅಂಡಾಶಯ ತೆಗೆಸಿಕೊಂಡವರು.
• ತಾಯಿಗೋ ತಂದೆಗೋ ಸೊಂಟದ ಮೂಳೆ ಮುರಿದಿದ್ದವರು.
• ತೀರಾ ತೆಳ್ಳಗಿರುವವರು. ಬೀಡಿ, ಸಿಗರೇಟು, ಹೊಗೆಸೊಪ್ಪು, ಮದ್ಯದ ಅಭ್ಯಾಸ ಇರುವವರು.
• ಆಸ್ತಮಾ, ಕೀಲುವಾತ ಮುಂತಾದವಕ್ಕೆ ಮೂರು ತಿಂಗಳಿಗೂ ಹೆಚ್ಚು ಸ್ಟಿರಾಯ್ಡ್ ಮಾತ್ರೆ ತೆಗೆದುಕೊಂಡವರು. ಹೆಸರಿಲ್ಲದ ‘ನೋವಿನ ಪುಡಿ’ಗಳಲ್ಲೂ ಸ್ಟಿರಾಯ್ಡ್ ಬೆರೆತಿರುವುದುಂಟು.
• ಥೈರಾಯ್ಡ್ ಮಾತ್ರೆಯ ಪ್ರಮಾಣ ಹೆಚ್ಚಾಗಿರುವವರು, ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇರುವವರು.
• 70 ದಾಟಿದ ಗಂಡಸರು, ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹಾರ್ಮೋನ್ ಇಂಜೆಕ್ಷನ್ ಪಡೆಯುತ್ತಿರುವವರು.

ಬಡತನವೂ ಈ ಪಟ್ಟಿಗೆ ಸೇರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವೀಣಾ ಶತ್ರುಘ್ನ ಮತ್ತು ಸಂಗಡಿಗರು ಕಡಿಮೆ ಆದಾಯದ ಕುಟುಂಬಗಳ 30ರಿಂದ 60 ವರ್ಷದ ಮಹಿಳೆಯರನ್ನು ಪರೀಕ್ಷಿಸಿ 2005ರಲ್ಲಿ ವರದಿ ಪ್ರಕಟಿಸಿದರು. ತೊಡೆಮೂಳೆಯ ಕತ್ತಿನಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಆಸ್ಟಿಯೋಪೊರೋಸಿಸ್ ಇತ್ತು. ಅವರ ಊಟದಲ್ಲಿ ದಿನಕ್ಕೆ ಸಿಗುತ್ತಿದ್ದ ಕ್ಯಾಲ್ಸಿಯಂ ಸುಮಾರು 270 ಮಿ.ಗ್ರಾಂ ಮಾತ್ರ. ‘ಕಷ್ಟಪಟ್ಟು ದುಡಿಯುವವರ ಮೂಳೆ ಗಟ್ಟಿ’ ಎಂಬ ನಂಬಿಕೆಗೆ ಇದು ಉತ್ತರ. ದುಡಿಮೆಯ ಜೊತೆ ಊಟವೂ ಇರಬೇಕು.

ಡೆಕ್ಸಾ ಪರೀಕ್ಷೆ ಮತ್ತು ಆ ಮೈನಸ್ ಸಂಖ್ಯೆ

ಮೂಳೆಯ ಸಾಂದ್ರತೆ ಅಳೆಯುವ ಸರಿಯಾದ ಪರೀಕ್ಷೆ ಡೆಕ್ಸಾ ಸ್ಕ್ಯಾನ್. ಸೂಜಿ ಚುಚ್ಚುವುದಿಲ್ಲ, ಕಿರಿದಾದ ಯಂತ್ರದೊಳಗೆ ನುಗ್ಗಿಸುವುದಿಲ್ಲ. ಹಾಸಿಗೆಯ ಮೇಲೆ ಹತ್ತು–ಹದಿನೈದು ನಿಮಿಷ ಅಲುಗಾಡದೆ ಮಲಗಿದರೆ ಸಾಕು. ವಿಕಿರಣ ತೀರಾ ಕಡಿಮೆ. ಸೊಂಟ ಮತ್ತು ಕೆಳಬೆನ್ನು ಎರಡನ್ನೂ ಅಳೆಯಬೇಕು.

ವರದಿಯಲ್ಲಿ ‘ಟಿ-ಸ್ಕೋರ್’ ಎಂಬ ಸಂಖ್ಯೆ ಇರುತ್ತದೆ. ನಿಮ್ಮ ಮೂಳೆಯನ್ನು ಆರೋಗ್ಯವಂತ ಯುವತಿಯ ಮೂಳೆಯೊಂದಿಗೆ ಹೋಲಿಸಿದ ಲೆಕ್ಕ ಅದು. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿಕೊಟ್ಟ ಗೆರೆಯ ಪ್ರಕಾರ ಮೈನಸ್ 1 ಅಥವಾ ಅದಕ್ಕಿಂತ ಮೇಲಿದ್ದರೆ ಸರಿ. ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಆಸ್ಟಿಯೋಪೀನಿಯಾ, ಅಂದರೆ ಸಾಂದ್ರತೆ ಕಡಿಮೆಯಾಗಿದೆ. ಮೈನಸ್ 2.5 ಅಥವಾ ಅದಕ್ಕೂ ಕೆಳಗೆ ಇಳಿದರೆ ಆಸ್ಟಿಯೋಪೊರೋಸಿಸ್. ಆದರೆ ಸಣ್ಣ ಪೆಟ್ಟಿಗೇ ಸೊಂಟವೋ ಬೆನ್ನುಮೂಳೆಯೋ ಮುರಿದಿದ್ದರೆ ಸಂಖ್ಯೆ ಎಷ್ಟೇ ಇರಲಿ, ಆಸ್ಟಿಯೋಪೊರೋಸಿಸ್ ಎಂದೇ ಚಿಕಿತ್ಸೆ ಕೊಡುತ್ತಾರೆ.

65 ದಾಟಿದ ಎಲ್ಲ ಮಹಿಳೆಯರೂ ಒಮ್ಮೆ ಈ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮುಟ್ಟು ನಿಂತು, ಮೇಲಿನ ಪಟ್ಟಿಯ ಯಾವುದಾದರೂ ಅಪಾಯ ಇದ್ದವರು ಅಲ್ಲಿಯವರೆಗೆ ಕಾಯಬಾರದು. 50ರ ನಂತರ ಮೂಳೆ ಮುರಿದವರು ಕೂಡಲೇ ಮಾಡಿಸಬೇಕು.

ಅಪಾರ್ಟ್‌ಮೆಂಟಿನ ಉಚಿತ ಶಿಬಿರದಲ್ಲಿ, ಕಾರ್ಖಾನೆಯ ಗೇಟಿನಲ್ಲಿ ಹಿಮ್ಮಡಿಯನ್ನು ಯಂತ್ರದಲ್ಲಿಟ್ಟು ಎರಡು ನಿಮಿಷದಲ್ಲಿ ಚೀಟಿ ಕೊಡುವುದುಂಟು. ಅದು ಅಲ್ಟ್ರಾಸೌಂಡ್. ಅದರಲ್ಲಿ ಕಡಿಮೆ ಬಂದರೆ ಡೆಕ್ಸಾ ಮಾಡಿಸಿಕೊಳ್ಳಲು ಒಂದು ಕಾರಣ ಸಿಕ್ಕಿತು ಎಂದಷ್ಟೇ ತಿಳಿಯಿರಿ. ಅದೊಂದನ್ನೇ ನೋಡಿ ಶಿಬಿರದಲ್ಲೇ ಮಾರುವ ಡಬ್ಬಿ ಕೊಳ್ಳಬೇಡಿ. ಡೆಕ್ಸಾ ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ, ಕ್ರಿಯಾಟಿನಿನ್, ಆಲ್ಕಲೈನ್ ಫಾಸ್ಫಟೇಸ್, ಥೈರಾಯ್ಡ್ ಮತ್ತು ರಕ್ತದ ಸಾಮಾನ್ಯ ಪರೀಕ್ಷೆಗಳನ್ನು ವೈದ್ಯರು ಬರೆದುಕೊಟ್ಟರೆ ಅನಗತ್ಯ ಎಂದುಕೊಳ್ಳಬೇಡಿ. ಸವೆತದ ಹಿಂದೆ ಬೇರೆ ಕಾಯಿಲೆ ಅಡಗಿದೆಯೇ ಎಂದು ನೋಡುವ ದಾರಿ ಅದು.

ತಟ್ಟೆಯ ಲೆಕ್ಕ

ಐಸಿಎಂಆರ್ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1,000 ಮಿ.ಗ್ರಾಂ, ಮುಟ್ಟು ನಿಂತ ಮಹಿಳೆಯರಿಗೆ 1,200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. ಇದು ನಮ್ಮ ಅಡುಗೆಮನೆಯಲ್ಲೇ ಸಿಗುತ್ತದೆ, ಆದರೆ ಲೆಕ್ಕ ಹಾಕಿ ತಿನ್ನಬೇಕು:

• 100 ಗ್ರಾಂ ರಾಗಿ ಹಿಟ್ಟಿನ ಮುದ್ದೆ: ಸುಮಾರು 360 ಮಿ.ಗ್ರಾಂ
• ಹಾಲು, ಮೊಸರು ಸೇರಿ ಎರಡು ಲೋಟ (400 ಮಿ.ಲೀ.): ಸುಮಾರು 480
• ನುಗ್ಗೆ ಸೊಪ್ಪು 50 ಗ್ರಾಂ: ಸುಮಾರು 150
• ಎಳ್ಳು 10 ಗ್ರಾಂ, ಪುಡಿ ಮಾಡಿ: ಸುಮಾರು 120
• ಹುರುಳಿಕಾಳು 30 ಗ್ರಾಂ: ಸುಮಾರು 80

ಒಟ್ಟು ಹತ್ತಿರಹತ್ತಿರ 1,190. ಇದೇ ಜಾಗದಲ್ಲಿ ಮೂರು ಹೊತ್ತೂ ಅನ್ನ-ಸಾರು ಇದ್ದರೆ ಅರ್ಧವೂ ದಾಟುವುದಿಲ್ಲ. 100 ಗ್ರಾಂ ಪಾಲಿಶ್ ಅಕ್ಕಿಯಲ್ಲಿ 10 ಮಿ.ಗ್ರಾಂ ಆಸುಪಾಸು ಅಷ್ಟೆ. ಪೇಪರ್ ಕಪ್ಪಿನ ಚಹಾವನ್ನು ಹಾಲಿನ ಲೆಕ್ಕಕ್ಕೆ ಹಿಡಿಯಬೇಡಿ.

ರಾಗಿಯ ಕ್ಯಾಲ್ಸಿಯಂ ಪೂರ್ತಿ ಮೈಗೆ ಹತ್ತುವುದಿಲ್ಲ, ಅದರಲ್ಲಿರುವ ಫೈಟೇಟ್ ಒಂದಿಷ್ಟನ್ನು ಹಿಡಿದಿಡುತ್ತದೆ. ರಾಗಿಯನ್ನು ನೆನೆಸಿ ಮೊಳಕೆ ಬರಿಸಿ ಹಿಟ್ಟು ಮಾಡಿದರೆ ಈ ಅಡ್ಡಿ ತಗ್ಗುತ್ತದೆ. ಪಾಲಕ್ ಸೊಪ್ಪಿನ ಆಕ್ಸಲೇಟ್ ಇನ್ನೂ ಬಿಗಿಯಾಗಿ ಹಿಡಿಯುವುದರಿಂದ ಕ್ಯಾಲ್ಸಿಯಂಗಾಗಿ ಅದನ್ನು ನೆಚ್ಚಬೇಡಿ. ಮುದ್ದೆಗೆ ಉಪ್ಪೆಸರು, ಹುರುಳಿ ಸಾರು, ಕಾಳು ಇದ್ದರೆ ಪ್ರೋಟೀನೂ ಸೇರುತ್ತದೆ. ಮೂಳೆಗೂ ಅದನ್ನು ಹಿಡಿದು ನಿಲ್ಲಿಸುವ ಸ್ನಾಯುವಿಗೂ ಅದು ಬೇಕು. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಸೋರುತ್ತದೆ, ಉಪ್ಪಿನಕಾಯಿ-ಹಪ್ಪಳದ ಮೇಲೆ ಹಿಡಿತವಿರಲಿ.

ಕಿಡ್ನಿಯಲ್ಲಿ ಕಲ್ಲಾಗುತ್ತದೆ ಎಂದು ಹಾಲು-ರಾಗಿ ಬಿಡುವವರಿದ್ದಾರೆ. ಊಟದ ಕ್ಯಾಲ್ಸಿಯಂ ಕಲ್ಲಿನ ಅಪಾಯವನ್ನು ಹೆಚ್ಚಿಸುವುದಿಲ್ಲ. ಎಚ್ಚರ ಬೇಕಾದದ್ದು ಅಳತೆ ಮೀರಿ ನುಂಗುವ ಮಾತ್ರೆಗೆ. ಊಟದಲ್ಲಿ ಕೊರತೆಯಾದಷ್ಟನ್ನು ಮಾತ್ರ ಮಾತ್ರೆಯಿಂದ ತುಂಬಿಸಿ. ಕ್ಯಾಲ್ಸಿಯಂ ಕಾರ್ಬೊನೇಟ್ ಆದರೆ ಊಟದ ಜೊತೆ ತೆಗೆದುಕೊಳ್ಳಬೇಕು. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ ಬೇಕು, ಕಬ್ಬಿಣಾಂಶದ ಮಾತ್ರೆಯ ಜೊತೆಗೂ ನುಂಗಬಾರದು. ಎಲೆಗೆ ಹಚ್ಚುವ ಸುಣ್ಣದಿಂದ ಮೂಳೆ ಗಟ್ಟಿಯಾಗುತ್ತದೆ ಎಂದು ಎಲೆ-ಅಡಿಕೆ ಸಮರ್ಥಿಸಿಕೊಳ್ಳಬೇಡಿ. ಅಡಿಕೆ ಬಾಯಿ ಕ್ಯಾನ್ಸರ್‌ಗೆ ದಾರಿ.

ಊಟದ ಬಿಡುವಿನ ಬಿಸಿಲು

ತಿಂದ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಲು ವಿಟಮಿನ್ ಡಿ ಬೇಕು. ಚರ್ಮ ಅದನ್ನು ತಯಾರಿಸಿಕೊಳ್ಳುವುದು ಬಿಸಿಲಿನ ಯುವಿ-ಬಿ ಕಿರಣದಿಂದ. ಬೆಳಗಿನ ಎಳೆಬಿಸಿಲಿನಲ್ಲಿ ಅದು ತೀರಾ ಕಡಿಮೆ. ಬೇಕಾದಷ್ಟು ಸಿಗುವುದು 11ರಿಂದ 3 ಗಂಟೆಯ ನಡುವೆ. ಕಿಟಕಿ ಗಾಜಿನ ಮೂಲಕ ಬಂದ ಬಿಸಿಲಿನಿಂದ ಉಪಯೋಗವಿಲ್ಲ. ಕಾರ್ಖಾನೆಗೆ ಹೋಗುವವರಿಗೆ ಈ ಹೊತ್ತಿನಲ್ಲಿ ಸಿಗುವುದು ಊಟದ ಬಿಡುವು ಒಂದೇ. ಡಬ್ಬಿ ಹಿಡಿದು ಶೆಡ್ಡಿನಿಂದ ಹೊರಬಂದು ಮುಖ, ತೋಳಿಗೆ ಕಾಲುಗಂಟೆಯಿಂದ ಅರ್ಧಗಂಟೆ ಬಿಸಿಲು ಬೀಳಿಸಿಕೊಳ್ಳುವುದನ್ನು ರೂಢಿ ಮಾಡಿಕೊಳ್ಳಿ. ಹಾಲಿನ ಪ್ಯಾಕೆಟ್ ಮೇಲೆ ‘+ಎಫ್’ ಗುರುತಿದ್ದರೆ ವಿಟಮಿನ್ ಎ ಮತ್ತು ಡಿ ಸೇರಿಸಿದ ಹಾಲು ಎಂದರ್ಥ.

ರಕ್ತಪರೀಕ್ಷೆಯಲ್ಲಿ ಕೊರತೆ ಕಂಡರೆ ವೈದ್ಯರು 60,000 ಯೂನಿಟ್‌ನ ಪುಡಿ ಅಥವಾ ಕ್ಯಾಪ್ಸೂಲನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ ಕೆಲವು ವಾರ ಕೊಡುತ್ತಾರೆ. ಹಳೆಯ ಚೀಟಿ ತೋರಿಸಿ ವರ್ಷವಿಡೀ ತಿನ್ನುವುದು ಅಪಾಯ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಗೊಂದಲ, ಮೂತ್ರಪಿಂಡದ ಹಾನಿಯವರೆಗೂ ಹೋಗಬಹುದು.

ಮೂಳೆಗೆ ಭಾರ ಬೀಳಲಿ, ಮೈ ಬೀಳದಿರಲಿ

ಭಾರ ಹೊತ್ತ ಮೂಳೆ ಗಟ್ಟಿಯಾಗುತ್ತದೆ. ಬಿರುಸಿನ ನಡಿಗೆ, ಮೆಟ್ಟಿಲು ಹತ್ತುವುದು ಇದಕ್ಕೆ ಒಳ್ಳೆಯದು. ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ. ಇದರ ಜೊತೆ ಕೈ ಊರದೆ ಕುರ್ಚಿಯಿಂದ ಹತ್ತು ಸಲ ಕೂತೇಳುವುದು, ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಒಂಟಿ ಕಾಲಿನಲ್ಲಿ ಹತ್ತು ಎಣಿಸುವವರೆಗೆ ನಿಲ್ಲುವುದು ಸೇರಲಿ. ಬೆನ್ನುಮೂಳೆ ಆಗಲೇ ಕುಸಿದಿದ್ದರೆ ಮುಂದಕ್ಕೆ ಬಾಗಿ ಕಾಲ್ಬೆರಳು ಮುಟ್ಟುವ, ಸೊಂಟ ತಿರುಚುವ ಆಸನಗಳನ್ನು ಬಿಡಿ. ಯೋಗ ಕಲಿಸುವವರಿಗೆ ಇದನ್ನು ಮೊದಲೇ ತಿಳಿಸಿ.

ಮುರಿತ ತಪ್ಪಿಸಲು ಬೀಳದಿರುವುದೂ ಅಷ್ಟೇ ಮುಖ್ಯ. ಬಚ್ಚಲಿನ ನುಣುಪು ಟೈಲ್ಸ್ ಮೇಲೆ ಸೋಪಿನ ನೀರು ನಿಲ್ಲದಂತೆ ನೋಡಿ, ಕಮೋಡಿನ ಪಕ್ಕ ಗೋಡೆಗೆ ಸ್ಟೀಲಿನ ಹಿಡಿ ಹಾಕಿಸಿ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಸಣ್ಣ ದೀಪ ಉರಿಯಲಿ. ಸವೆದ ಹವಾಯಿ ಚಪ್ಪಲಿ, ಜಾರುವ ಕಾಲೊರಸು, ಕಾಲಿಗೆ ಸಿಕ್ಕುವ ಸೀರೆಯಂಚು, ಇವು ಬೀಳಿಸುವ ವಸ್ತುಗಳು. ಕಣ್ಣಿನ ಪೊರೆಗೆ ಆಪರೇಷನ್ ಮುಂದೂಡಬೇಡಿ. ನಿದ್ದೆ ಮಾತ್ರೆ ತಿಂದರೆ ತೂಕಡಿಕೆಯೋ, ಬಿ.ಪಿ. ಮಾತ್ರೆ ತಿಂದರೆ ಎದ್ದ ಕೂಡಲೇ ತಲೆಸುತ್ತೋ ಇದ್ದರೆ ವೈದ್ಯರಿಗೆ ಹೇಳಿ. ತುಮಕೂರು ರಸ್ತೆಯನ್ನು ವಾಹನಗಳ ನಡುವೆ ಓಡಿ ದಾಟುವ ಬದಲು ಹತ್ತಿರವಿದ್ದರೆ ಪಾದಚಾರಿ ಮೇಲ್ಸೇತುವೆ ಹತ್ತಿ. ಮೂಳೆಗೆ ವ್ಯಾಯಾಮವೂ ಆಯಿತು.

ಔಷಧಿ: ಹೆದರಿಕೆ ಬೇಡ, ಕ್ರಮ ತಪ್ಪಬೇಡಿ

ಆಸ್ಟಿಯೋಪೊರೋಸಿಸ್ ಆದ ಮೇಲೆ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರ ಸಾಲದು. ಸಾಮಾನ್ಯವಾಗಿ ಮೊದಲು ಕೊಡುವುದು ವಾರಕ್ಕೊಂದು ಅಲೆಂಡ್ರೊನೇಟ್ 70 ಮಿ.ಗ್ರಾಂ ಮಾತ್ರೆ. ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ತುಂಬಿದ ಲೋಟ ಬರೀ ನೀರಿನ ಜೊತೆ ನುಂಗಿ, ಅರ್ಧಗಂಟೆ ಮಲಗದೆ, ಕಾಫಿ-ಚಹಾ-ಹಾಲು ಮುಟ್ಟದೆ ಇರಬೇಕು. ಇಲ್ಲವಾದರೆ ಅನ್ನನಾಳ ಸುಡುತ್ತದೆ, ಔಷಧಿಯೂ ಮೈಗೆ ಹತ್ತುವುದಿಲ್ಲ. ಇದು ಆಗದವರಿಗೆ ವರ್ಷಕ್ಕೊಮ್ಮೆ ಜೊಲೆಡ್ರೊನಿಕ್ ಆಮ್ಲದ ಡ್ರಿಪ್ ಇದೆ.

ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಡೆನೊಸುಮ್ಯಾಬ್ ಇಂಜೆಕ್ಷನ್ ಶುರುಮಾಡಿದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ತಪ್ಪಿಸಿದರೆ ಸವೆತ ಮರುಕಳಿಸಿ ಬೆನ್ನುಮೂಳೆಗಳು ಕುಸಿಯಬಹುದು. ತೀವ್ರ ಸವೆತದವರಿಗೆ ಮೂಳೆ ಕಟ್ಟುವ ಟೆರಿಪ್ಯಾರಟೈಡ್ ದಿನಕ್ಕೊಂದು ಇಂಜೆಕ್ಷನ್. ಸಾಮಾನ್ಯವಾಗಿ ಎರಡು ವರ್ಷದವರೆಗೆ. ಮುಟ್ಟು ಬೇಗ ನಿಂತವರಿಗೆ ಹಾರ್ಮೋನ್ ಚಿಕಿತ್ಸೆ ಹೊಂದುತ್ತದೆಯೇ ಎಂದು ಸ್ತ್ರೀರೋಗ ತಜ್ಞರನ್ನು ಕೇಳಬಹುದು.

ದವಡೆ ಮೂಳೆ ಕೊಳೆಯುತ್ತದೆಯಂತೆ ಎಂದು ಹೆದರಿ ಮಾತ್ರೆ ಬಿಡುವವರಿದ್ದಾರೆ. ಇದು ಬಹಳ ಅಪರೂಪ. ಹಲ್ಲು ಕೀಳಿಸುವುದಿದ್ದರೆ ಔಷಧಿ ಶುರುಮಾಡುವ ಮೊದಲೇ ಮುಗಿಸಿಕೊಳ್ಳಿ, ದಂತವೈದ್ಯರಿಗೆ ಔಷಧಿಯ ಹೆಸರು ತಿಳಿಸಿ. ವರ್ಷಗಟ್ಟಲೆ ತಿಂದವರಿಗೆ ತೊಡೆಯಲ್ಲಿ ಹೊಸ ನೋವು ಬಂದರೆ ಎಕ್ಸ್-ರೇ ಬೇಕು. ಮಾತ್ರೆ ಐದು ವರ್ಷವಾದಾಗ, ಡ್ರಿಪ್ ಮೂರು ವರ್ಷವಾದಾಗ ಮುಂದುವರಿಸಬೇಕೇ ಎಂದು ವೈದ್ಯರು ಮತ್ತೆ ತೂಗಿ ನೋಡುತ್ತಾರೆ.

ಮಾಕಳಿಯಿಂದ ಎಲ್ಲಿಗೆ?

ತಿಂಗಳ ಸಂಬಳ 21,000 ರೂಪಾಯಿವರೆಗಿನ ನೌಕರರಿಗೆ ಸರ್ಕಾರಿ ವಿಮಾ ಯೋಜನೆಯಾದ ಇಎಸ್‌ಐ ಅನ್ವಯಿಸುತ್ತದೆ. ಅವರ ಅವಲಂಬಿತ ತಾಯಿ-ತಂದೆಗೂ ಚಿಕಿತ್ಸೆ ಸಿಗುತ್ತದೆ. ಇ-ಪೆಹಚಾನ್ ಚೀಟಿಯಲ್ಲಿ ಅಮ್ಮನ ಹೆಸರು ಸೇರಿದೆಯೇ ಎಂದು ನೋಡಿ. ಮೊದಲು ನಿಮ್ಮ ಡಿಸ್ಪೆನ್ಸರಿ, ಅಲ್ಲಿಂದ ಪೀಣ್ಯ ಅಥವಾ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ. ಐದು ವರ್ಷ ವಿಮಾದಾರರಾಗಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ತಮಗೂ ಸಂಗಾತಿಗೂ ಈ ಸೌಲಭ್ಯ ಉಳಿಸಿಕೊಳ್ಳಬಹುದು. ಮೂಳೆ ಸವೆಯುವ ವಯಸ್ಸಿನಲ್ಲೇ ಕೆಲಸ ಬಿಡುವವರಿಗೆ ಇದು ದೊಡ್ಡ ಆಸರೆ.

ಇಎಸ್‌ಐ ಇಲ್ಲದವರಿಗೆ ನೆಲಮಂಗಲದ ತಾಲ್ಲೂಕು ಆಸ್ಪತ್ರೆ, ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆ, ಜಯನಗರದ ಸರ್ಕಾರಿ ಸಂಜಯ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ ಇವೆ. 2024ರ ನವೆಂಬರಿನಿಂದ ಮೆಟ್ರೊ ಹಸಿರು ಮಾರ್ಗ ಮಾದಾವರದವರೆಗೆ ಬಂದಿರುವುದರಿಂದ ಪೀಣ್ಯ, ರಾಜಾಜಿನಗರ, ಮಲ್ಲೇಶ್ವರ, ಜಯನಗರದ ಕಡೆಗೆ ಒಂದೇ ರೈಲು. ಡೆಕ್ಸಾ ಯಂತ್ರ ಎಲ್ಲ ಕಡೆ ಇರುವುದಿಲ್ಲ. ಹೊರಡುವ ಮೊದಲು ಫೋನ್ ಮಾಡಿ ಇದೆಯೇ, ದರ ಎಷ್ಟು ಎಂದು ಕೇಳಿ.

ಮೂಳೆ ಮುರಿದೇ ಬಿಟ್ಟಿದ್ದರೆ

ಬಿದ್ದವರಿಗೆ ಏಳಲಾಗದೆ, ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಸೊಂಟ ಮುರಿದಿರಬಹುದು. ಎಳೆದು ಕೂರಿಸಬೇಡಿ, 108ಕ್ಕೆ ಕರೆ ಮಾಡಿ. ನಾಟಿ ವೈದ್ಯರ ಪುತ್ತೂರು ಕಟ್ಟಿಗೆ ಕರೆದೊಯ್ಯುವ ಮುರಿತ ಇದಲ್ಲ. ಸೊಂಟದ ಮುರಿತಕ್ಕೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ಬೇಕು, ಸಾಧ್ಯವಾದಷ್ಟು 48 ಗಂಟೆಯೊಳಗೆ. ತಡವಾಗಿ ಹಾಸಿಗೆ ಹಿಡಿದರೆ ನ್ಯುಮೋನಿಯಾ, ಹಾಸಿಗೆ ಹುಣ್ಣು, ರಕ್ತ ಹೆಪ್ಪುಗಟ್ಟುವಿಕೆ ಬೆನ್ನುಹತ್ತುತ್ತವೆ. ಸೊಂಟ ಮುರಿದ ಹಿರಿಯರಲ್ಲಿ ಸುಮಾರು ಐದರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ.

ಮಣಿಕಟ್ಟಿನಂಥ ಮುರಿತಕ್ಕೆ ಪಟ್ಟೋ ಕಟ್ಟೋ ಆದ ಮೇಲೂ ಕೆಲಸ ಉಳಿದಿರುತ್ತದೆ. ಒಮ್ಮೆ ಮುರಿದವರಿಗೆ ಮತ್ತೆ ಮುರಿಯುವ ಅಪಾಯ ಹತ್ತಿರಹತ್ತಿರ ದುಪ್ಪಟ್ಟು, ಅದರಲ್ಲೂ ಮುಂದಿನ ಎರಡು ವರ್ಷ ಹೆಚ್ಚು. ಆದ್ದರಿಂದ ಪಟ್ಟು ಬಿಚ್ಚಿಸುವ ದಿನ ವೈದ್ಯರ ಮುಂದೆ ಈ ನಾಲ್ಕು ಪ್ರಶ್ನೆ ಕೇಳದೆ ಏಳಬೇಡಿ:

1. ಇಷ್ಟು ಸಣ್ಣ ಪೆಟ್ಟಿಗೆ ಮುರಿದಿದೆ, ಆಸ್ಟಿಯೋಪೊರೋಸಿಸ್ ಇರಬಹುದೇ?
2. ಡೆಕ್ಸಾ ಮತ್ತು ರಕ್ತಪರೀಕ್ಷೆ ಯಾವಾಗ ಮಾಡಿಸಲಿ?
3. ಈಗ ತಿನ್ನುತ್ತಿರುವ ಮಾತ್ರೆಗಳಲ್ಲಿ ಮೂಳೆ ಸವೆಸುವಂಥದ್ದು, ಬೀಳಿಸುವಂಥದ್ದು ಇದೆಯೇ?
4. ಕ್ಯಾಲ್ಸಿಯಂ ಬಿಟ್ಟು ಬೇರೆ ಔಷಧಿ ಬೇಕೇ, ಎಷ್ಟು ಕಾಲ?

ಮುರಿದುಕೊಂಡವರು ಅತ್ತೆಯಾದರೆ ಸೊಸೆ, ಅಮ್ಮನಾದರೆ ಮಗ ಈ ನಾಲ್ಕನ್ನು ಚೀಟಿಯಲ್ಲಿ ಬರೆದುಕೊಂಡು ಜೊತೆಗೆ ಹೋಗಲಿ. ಬರುವಾಗ ಪ್ರತಿಯೊಂದರ ಪಕ್ಕದಲ್ಲೂ ಉತ್ತರ ಬರೆದಿರಬೇಕು. ಒಂದಕ್ಕೆ ಉತ್ತರ ಸಿಗದಿದ್ದರೂ ಇನ್ನೊಂದು ದಿನದ ಓಪಿಡಿ ಚೀಟಿ ಮಾಡಿಸಿ ಮತ್ತೆ ಕೇಳಿ.